ದುಬಾರಿ ನಗರಕ್ಕೆ ಹೊರಟಿದ್ದೀರಾ? ಬಾಡಿಗೆಗಿಂತ ಮೊದಲು ಉಳಿಕೆಯನ್ನು ಹೋಲಿಸಿ

ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಬಾಡಿಗೆ ಎಷ್ಟು? ಪ್ರಶ್ನೆ ಸರಿಯೇ. ಆದರೆ ಬಾಡಿಗೆಯೊಂದನ್ನೇ ನೋಡಿ ಮನೆ ಹಿಡಿದವರು ಮೂರನೇ ತಿಂಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ಅಗ್ಗದ ಮನೆಯೇ ಹಿಡಿದಿದ್ದೇವೆ, ಆದರೂ ದುಡ್ಡು ಎಲ್ಲಿ ಹೋಗ್ತಿದೆ ಅಂತ. ನೋಡಬೇಕಾದ ಅಂಕಿಗಳು ಎರಡು. ಎಲ್ಲ ಖರ್ಚು ಕಳೆದ ಮೇಲೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಅಷ್ಟು ಉಳಿಸಲು ನಿಮ್ಮ ಎಷ್ಟು ಗಂಟೆ ಹೋಗುತ್ತದೆ? ಇವೆರಡು ಸಿಕ್ಕರೆ ಯಾವ ಆಯ್ಕೆಯನ್ನು ಬೇಕಾದರೂ ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಇಲ್ಲಿ ಯಾವ ಊರಿನ ದರವನ್ನೂ ಕೊಡುವುದಿಲ್ಲ. ದರ ಬದಲಾಗುತ್ತಲೇ ಇರುತ್ತದೆ, ಲೆಕ್ಕ ಹಾಕುವ ದಾರಿ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ತಿಂಗಳ ಸಂಬಳವನ್ನು 100 ಅಂತ ಇಟ್ಟುಕೊಳ್ಳೋಣ. ಸಂಬಳ ಅಂದರೆ ತೆರಿಗೆ, ಪಿಂಚಣಿ ನಿಧಿ, ವಿಮೆ ಎಲ್ಲ ಕಡಿತವಾಗಿ ಬ್ಯಾಂಕ್ ಖಾತೆಗೆ ಬೀಳುವ ಮೊತ್ತ. ಆಫರ್ ಲೆಟರ್‌ನಲ್ಲಿ ಬರೆದಿರುವ ವರ್ಷದ ಪ್ಯಾಕೇಜ್ ನೋಡಿ ಬಜೆಟ್ ಹಾಕಬೇಡಿ. ಬಂದರೆ ಬಂತು ಎನ್ನುವಂಥ ಬೋನಸ್ ಕೂಡ ಅದರಲ್ಲೇ ಸೇರಿರಬಹುದು.

ಹೋಗುವುದಾ, ಇಲ್ಲೇ ಇರುವುದಾ?

ಮನೆ ಹುಡುಕುವುದಕ್ಕೂ ಮೊದಲು ಈ ಲೆಕ್ಕ ಆಗಬೇಕು. ಈಗಿರುವ ಊರಿನಲ್ಲಿ ಸಂಬಳ 100, ಬಾಡಿಗೆ 20, ಉಳಿದ ಖರ್ಚೆಲ್ಲ ಸೇರಿ 50 ಅಂದುಕೊಳ್ಳಿ. ಉಳಿಕೆ 30. ದೊಡ್ಡ ನಗರದಲ್ಲಿ 160 ಕೊಡುತ್ತಾರೆ. ಅಲ್ಲಿ ಬಾಡಿಗೆ 56, ಉಳಿದ ಖರ್ಚು 70. ಉಳಿಕೆ 34. ಸಂಬಳ 60 ಜಾಸ್ತಿ ಆಯಿತು, ಕೈಯಲ್ಲಿ ಉಳಿದದ್ದು ಬರೀ 4 ಜಾಸ್ತಿ. ಅದೇ ಬಾಡಿಗೆ 64 ಆದರೆ ಉಳಿಕೆ 26. ಅಂದರೆ 160 ಸಂಬಳ ತೆಗೆದುಕೊಂಡೂ ಹಿಂದಿಗಿಂತ ಕೆಳಗೆ.

ಮೊದಲ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. 160ರಲ್ಲಿ 56 ಬಾಡಿಗೆ ಅಂದರೆ ನೂರಕ್ಕೆ 35. ಬಾಡಿಗೆ ಆದಾಯದ 30 ಪರ್ಸೆಂಟ್ ದಾಟಬಾರದು ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಆ ಪ್ರಕಾರ ಇದು ತಪ್ಪು. ಆದರೂ ಉಳಿಕೆ ಹಿಂದಿಗಿಂತ ಜಾಸ್ತಿಯೇ ಇದೆ. ಆ 30 ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಸರ್ಕಾರಿ ವಸತಿಯಲ್ಲಿದ್ದ ಬಡ ಕುಟುಂಬಗಳಿಂದ ಎಷ್ಟು ಬಾಡಿಗೆ ಪಡೆಯಬಹುದು ಎಂಬುದಕ್ಕೆ 1969ರಲ್ಲಿ ಆದಾಯದ 25 ಪರ್ಸೆಂಟ್ ಮಿತಿ ಇಟ್ಟರು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಒಂದು ಸರ್ಕಾರಿ ಯೋಜನೆಯ ಅಂಕಿ ಅದು. ನಿಮ್ಮ ಸಂಬಳ, ನಿಮ್ಮ ಸಾಲ, ನಿಮ್ಮ ಮನೆಮಂದಿಯನ್ನು ನೋಡಿ ಇಟ್ಟದ್ದಲ್ಲ. ಸಂಬಳ ಕಡಿಮೆ ಇದ್ದಾಗ 30 ಕೊಟ್ಟರೂ ಉಳಿದ 70ರಲ್ಲಿ ಬದುಕು ನಡೆಯದಿರಬಹುದು. ಸಂಬಳ ದೊಡ್ಡದಿದ್ದರೆ 40 ಕೊಟ್ಟೂ ಆರಾಮಾಗಿರಬಹುದು. ಬರ್ಲಿನ್‌ನ ಸಂಖ್ಯಾಶಾಸ್ತ್ರಜ್ಞ ಹರ್ಮನ್ ಶ್ವಾಬೆ 1868ರಲ್ಲೇ ಇದನ್ನು ಗುರುತಿಸಿದ್ದ: ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಬಾಡಿಗೆಯ ಪಾಲು ಜಾಸ್ತಿ.

ಹಾಗಾಗಿ ಪರ್ಸೆಂಟ್ ಬಿಟ್ಟು ಮೊತ್ತ ನೋಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ದುಬಾರಿ ನಗರದಲ್ಲಿ ಎಲ್ಲವೂ ದುಬಾರಿ ಅಲ್ಲ. ಜಾಗ ಮತ್ತು ಜನರ ದುಡಿಮೆ ಬೇಕಾದದ್ದು ಏರುತ್ತದೆ: ಬಾಡಿಗೆ, ಕ್ಷೌರ, ನಲ್ಲಿ ರಿಪೇರಿ, ಮಕ್ಕಳ ಶಾಲೆ, ಹೋಟೆಲ್ ಊಟ. ಕ್ಷೌರದವರೂ ಅದೇ ನಗರದಲ್ಲಿ ಬಾಡಿಗೆ ಕಟ್ಟಬೇಕಲ್ವಾ? ಆದರೆ ಫೋನ್, ಲ್ಯಾಪ್‌ಟಾಪ್, ಆನ್‌ಲೈನ್‌ನಲ್ಲಿ ತರಿಸುವ ಬಟ್ಟೆ, ಹಳೇ ಸಾಲದ ಕಂತು ಇವೆಲ್ಲ ಎಲ್ಲಿದ್ದರೂ ಹೆಚ್ಚುಕಮ್ಮಿ ಅಷ್ಟೇ. ಊರಿಗೆ ದುಡ್ಡು ಕಳಿಸುವವರಿಗೆ, ಸಾಲ ತೀರಿಸುವವರಿಗೆ ದೊಡ್ಡ ನಗರದ ಸಂಬಳ ಲಾಭವಾಗುವುದು ಇದೇ ಕಾರಣಕ್ಕೆ. ಗಳಿಸಿದ್ದನ್ನೆಲ್ಲ ಅದೇ ನಗರದಲ್ಲಿ ಖರ್ಚು ಮಾಡುವವರಿಗೆ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿರುವವರಿಗೆ, ಆ ಲಾಭ ಬೇಗ ಕರಗುತ್ತದೆ.

ಹತ್ತಿರದ ದುಬಾರಿ ಮನೆಯೋ, ದೂರದ ಅಗ್ಗದ ಮನೆಯೋ?

ಇಡೀ ಬಜೆಟ್ ನಿಂತಿರುವುದು ಈ ಒಂದು ಆಯ್ಕೆಯ ಮೇಲೆ. ಇಲ್ಲಿ ಸರಿ ಹೋದರೆ ಕಾಫಿಗೆ ಎಷ್ಟು, ಸಿನಿಮಾಗೆ ಎಷ್ಟು ಅಂತ ಲೆಕ್ಕ ಹಾಕುವ ಕಷ್ಟ ಅರ್ಧ ತಪ್ಪುತ್ತದೆ.

ಇಲ್ಲಿಂದ ಮುಂದೆ ದೊಡ್ಡ ನಗರದ ಸಂಬಳವೇ 100. ಆಫೀಸಿಗೆ ಹತ್ತಿರದ ಚಿಕ್ಕ ಮನೆಯ ಬಾಡಿಗೆ 42, ಕರೆಂಟ್, ನೀರು, ಇಂಟರ್‌ನೆಟ್ 4, ಓಡಾಟ 2. ಒಟ್ಟು 48. ಒಂದು ಕಡೆಯ ಪ್ರಯಾಣ 20 ನಿಮಿಷ. ದೂರದ ದೊಡ್ಡ ಮನೆಗೆ ಬಾಡಿಗೆ 28, ಬಿಲ್‌ಗಳು 5, ಓಡಾಟ 9. ಒಟ್ಟು 42. ಒಂದು ಕಡೆಗೆ 75 ನಿಮಿಷ.

ಬಾಡಿಗೆಯಲ್ಲಿ 14ರ ವ್ಯತ್ಯಾಸ ಕಂಡದ್ದು ಒಟ್ಟು ಖರ್ಚಿಗೆ ಬರುವಷ್ಟರಲ್ಲಿ 6ಕ್ಕೆ ಇಳಿಯಿತು. ಈಗ ಸಮಯ. ದೂರದ ಮನೆಯಿಂದ ದಿನಕ್ಕೆ 110 ನಿಮಿಷ ಜಾಸ್ತಿ ಪ್ರಯಾಣ. ತಿಂಗಳಿಗೆ 22 ದಿನ ಅಂದರೆ ಸುಮಾರು 40 ಗಂಟೆ. ಒಂದು ವಾರದ ಪೂರ್ತಿ ಕೆಲಸದಷ್ಟು ಹೊತ್ತು! 6 ಉಳಿಸಲು 40 ಗಂಟೆ, ಅಂದರೆ ಗಂಟೆಗೆ 0.15. ನಿಮ್ಮ ಸಂಬಳ ಗಂಟೆಗೆ ಎಷ್ಟು? ದಿನಕ್ಕೆ 8 ಗಂಟೆಯಂತೆ 22 ದಿನಕ್ಕೆ 176 ಗಂಟೆ, ಹಾಗಾಗಿ ಗಂಟೆಗೆ 0.57. ಆಫೀಸಿನವರು ಕೊಡುವುದರ ಕಾಲು ಭಾಗಕ್ಕೆ ನಿಮ್ಮ ಹೊತ್ತನ್ನು ಮಾರಿದಂತಾಯಿತು.

ರಸ್ತೆ, ರೈಲು ಯೋಜನೆಗಳ ಲಾಭ ನಷ್ಟ ಅಂದಾಜು ಮಾಡುವವರು ಜನರ ಪ್ರಯಾಣದ ಸಮಯಕ್ಕೂ ಬೆಲೆ ಕಟ್ಟುತ್ತಾರೆ. ಅಮೆರಿಕದ ಸಾರಿಗೆ ಇಲಾಖೆ ಜನರ ಸ್ವಂತ ಸ್ಥಳೀಯ ಓಡಾಟಕ್ಕೆ, ಮನೆಯಿಂದ ಆಫೀಸಿಗೆ ಹೋಗಿಬರುವುದೂ ಸೇರಿ, ಹಿಡಿಯುವುದು ಗಂಟೆಯ ಆದಾಯದ ಅರ್ಧ. ಅದೇ ಅಳತೆ ಇಟ್ಟರೆ ಮೇಲಿನ 40 ಗಂಟೆಯ ಬೆಲೆ 11ಕ್ಕೂ ಜಾಸ್ತಿ, ಉಳಿಯುವುದು 6. ಹತ್ತಿರದ ಮನೆಯೇ ವಾಸಿ.

ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವ ಕೆಲಸವಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ತಿಂಗಳಿಗೆ ಸುಮಾರು 9 ದಿನ. ಹತ್ತಿರದ ಮನೆಯ ಓಡಾಟ 1ಕ್ಕೆ ಇಳಿದು ಒಟ್ಟು 47, ದೂರದ ಮನೆಯ ಓಡಾಟ 4ಕ್ಕೆ ಇಳಿದು ಒಟ್ಟು 37. ವ್ಯತ್ಯಾಸ 10, ಜಾಸ್ತಿ ಹೋಗುವ ಸಮಯ 16 ಗಂಟೆ ಚಿಲ್ಲರೆ. ಗಂಟೆಗೆ 0.6. ಸಂಬಳಕ್ಕಿಂತಲೂ ಜಾಸ್ತಿ. ಇಂಥವರು ಕಣ್ಣು ಮುಚ್ಚಿ ದೂರದ ಮನೆ ಹಿಡಿಯಬಹುದು. ಒಂದೇ ಎಚ್ಚರಿಕೆ: ವರ್ಕ್ ಫ್ರಮ್ ಹೋಮ್ ಸೌಲಭ್ಯ ಬರವಣಿಗೆಯಲ್ಲಿ ಇದೆಯಾ, ಬಾಯಿಮಾತಾ ಅಂತ ನೋಡಿ. ಮನೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಐದೂ ದಿನ ಬನ್ನಿ ಅಂದರೆ ಕಷ್ಟ.

ದೂರದ ಮನೆ ಹಿಡಿಯುವವರು ಸಾಮಾನ್ಯವಾಗಿ ಹೇಳುವ ಮಾತು, ‘ಆಮೇಲೆ ಅಭ್ಯಾಸ ಆಗುತ್ತೆ ಬಿಡಿ’. ಆಲೊಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ ಎಂಬ ಸ್ವಿಟ್ಜರ್ಲೆಂಡ್‌ನ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ಇಟ್ಟುಕೊಂಡು ಇದನ್ನೇ ನೋಡಿದರು. ಪ್ರಯಾಣ ಉದ್ದವಾದಷ್ಟೂ ಜನರ ನೆಮ್ಮದಿ ಕಡಿಮೆ ಇತ್ತು. ಅಗ್ಗದ ಮನೆ, ಒಳ್ಳೆಯ ಸಂಬಳದಿಂದ ಅದು ಸರಿದೂಗಿರಲಿಲ್ಲ.

ಆದರೆ ಸಮಯದ ಬೆಲೆಯ ಮಾತು ಕೈಯಲ್ಲಿ ದುಡ್ಡು ಇದ್ದವರಿಗೆ. 48 ಕೊಟ್ಟ ಮೇಲೆ ಉಳಿದದ್ದರಲ್ಲಿ ಸಾಲದ ಕಂತು ಕಟ್ಟಲು ಆಗುವುದಿಲ್ಲ ಅಂದರೆ, ಗಂಟೆಯ ಬೆಲೆ ಹಿಡಿದುಕೊಂಡು ಏನು ಮಾಡುವುದು? ಆಗ 6 ಉಳಿಯುವ ಕಡೆಗೇ ಹೋಗಬೇಕು. ಇಲ್ಲವೇ ಹತ್ತಿರದಲ್ಲೇ ಮನೆ ಹಂಚಿಕೊಳ್ಳುವ ಯೋಚನೆ ಮಾಡಬೇಕು.

ಒಬ್ಬರೇ ಇರುವುದು, ಹಂಚಿಕೊಳ್ಳುವುದು, ಊಟ ಸೇರಿದ ಕೋಣೆ

ಇಬ್ಬರ ಖರ್ಚು ಒಬ್ಬರ ಎರಡರಷ್ಟು ಆಗುವುದಿಲ್ಲ. ಮನೆಗಳ ಆದಾಯ ಹೋಲಿಸಲು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ) ಬಳಸುವ ಒಂದು ಅಳತೆ ಇದೆ: ಮನೆಯಲ್ಲಿ ಎಷ್ಟು ಜನ ಇದ್ದಾರೋ ಅದರ ವರ್ಗಮೂಲ. ನಾಲ್ಕು ಜನರ ಮನೆಗೆ ಒಬ್ಬರ ಎರಡರಷ್ಟು ಸಾಕು, ಇಬ್ಬರಿಗೆ 1.41 ಪಟ್ಟು, ಅಂದರೆ ತಲೆಗೆ 0.71. ಇದು ಒಂದೇ ಅಡುಗೆ, ಒಂದೇ ಸಂಸಾರದ ಲೆಕ್ಕ. ರೂಮ್‌ಮೇಟ್‌ಗಳಿಗೆ ಊಟ, ಬಟ್ಟೆಯಲ್ಲಿ ಅಷ್ಟು ಉಳಿಯುವುದಿಲ್ಲ. ಬಾಡಿಗೆ, ಇಂಟರ್‌ನೆಟ್, ಫ್ರಿಜ್, ಕ್ಲೀನಿಂಗ್‌ನಲ್ಲಿ ಉಳಿಯುತ್ತದೆ.

ಒಬ್ಬರೇ ಇದ್ದರೆ ಬಾಡಿಗೆ 38, ಬಿಲ್ 6, ಒಟ್ಟು 44. ಎರಡು ಕೋಣೆಯ ಮನೆಗೆ 54 ಅಂದರೆ ತಲೆಗೆ 27, ಬಿಲ್ 4, ಒಟ್ಟು 31. ತಿಂಗಳಿಗೆ 13 ಉಳಿತಾಯ. ಬಜೆಟ್‌ನ ಬೇರೆ ಯಾವ ಸಾಲಿನಲ್ಲೂ ಒಂದೇ ನಿರ್ಧಾರಕ್ಕೆ ಇಷ್ಟು ಸುಲಭವಾಗಿ 13 ಸಿಗುವುದಿಲ್ಲ. ಇದರಲ್ಲಿ ಅಪಾಯವೂ ಇದೆ. ಹಲವು ಕಡೆ ಒಪ್ಪಂದಕ್ಕೆ ಸಹಿ ಹಾಕಿದ ಪ್ರತಿಯೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಜೊತೆಗಿದ್ದವರು ಕೆಲಸ ಬಿಟ್ಟು ಊರಿಗೆ ಹೊರಟರೆ ಹೊಸಬರು ಬರುವವರೆಗೆ 54 ನಿಮ್ಮದೇ ತಲೆ ಮೇಲೆ. ಹಂಚಿಕೊಳ್ಳುವವರು ಇನ್ನೊಬ್ಬರ ಒಂದು ತಿಂಗಳ ಪಾಲಿನಷ್ಟು, ಇಲ್ಲಿ 27, ಮುಟ್ಟದೆ ಇಟ್ಟುಕೊಂಡಿರುವುದು ಒಳ್ಳೆಯದು. ಯಾರು ಎಷ್ಟು ದಿನ ಮೊದಲು ತಿಳಿಸಬೇಕು, ಅಡ್ವಾನ್ಸ್‌ನಲ್ಲಿ ಯಾರ ಪಾಲು ಎಷ್ಟು, ಇವನ್ನು ಮೊದಲ ದಿನವೇ ಒಂದು ಮೆಸೇಜ್‌ನಲ್ಲಿ ಬರೆದಿಟ್ಟುಕೊಳ್ಳಿ. ಸ್ನೇಹಿತರೇ ಆದರೂ. ಸ್ನೇಹಿತರಾದರೆ ಇನ್ನೂ ಜಾಸ್ತಿ ಬರೆದಿಟ್ಟುಕೊಳ್ಳಿ.

ಊಟ ಸೇರಿದ ಕೋಣೆ ಅಥವಾ ಹಾಸ್ಟೆಲ್‌ಗೆ ದರ ಒಂದೇ ಅಂಕಿಯಲ್ಲಿ ಇರುವುದರಿಂದ ಲೆಕ್ಕ ಸುಲಭ. ನೋಡಬೇಕಾದದ್ದು ಅಲ್ಲಿ ನಿಜಕ್ಕೂ ದಿನಕ್ಕೆ ಎಷ್ಟು ಹೊತ್ತಿನ ಊಟ ಮಾಡುತ್ತೀರಿ ಅಂತ. ಮಧ್ಯಾಹ್ನ ಆಫೀಸಿನಲ್ಲಿ, ರಾತ್ರಿ ತಡವಾಗಿ ಬಂದು ಹೊರಗೆ ತರಿಸಿಕೊಂಡು ತಿನ್ನುವವರು ಒಂದೇ ಊಟಕ್ಕೆ ಎರಡು ಸಲ ದುಡ್ಡು ಕೊಡುತ್ತಾರೆ. ಆದರೂ ಮೊದಲ ಎರಡು ಮೂರು ತಿಂಗಳಿಗೆ ಇಂಥ ಕೋಣೆಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಊರು ಗೊತ್ತಿಲ್ಲದೆ, ಫೋಟೋ ನೋಡಿ, ದೂರದಿಂದಲೇ ವರ್ಷದ ಒಪ್ಪಂದ ಮಾಡಿಕೊಳ್ಳುವುದು ಬೇಡ. ಮನೆ ಕಣ್ಣಾರೆ ನೋಡುವ ಮೊದಲೇ ಟೋಕನ್ ಅಡ್ವಾನ್ಸ್ ಕಳಿಸಿ ಅನ್ನುವವರ ಹತ್ತಿರ ಮಾತು ಮುಂದುವರಿಸಲೇಬೇಡಿ.

ಅಡ್ವಾನ್ಸ್ ಕೂಡ ಬಾಡಿಗೆಯೇ

ಎರಡು ಮನೆ ಇವೆ. ಒಂದರ ಬಾಡಿಗೆ 30, ಅಡ್ವಾನ್ಸ್ 10 ತಿಂಗಳದ್ದು, ಅಂದರೆ 300. ಇನ್ನೊಂದರ ಬಾಡಿಗೆ 32, ಅಡ್ವಾನ್ಸ್ 2 ತಿಂಗಳದ್ದು, 64. ಮೊದಲನೆಯದು ಅಗ್ಗ ಅನ್ನಿಸುತ್ತದೆ. ಅಡ್ವಾನ್ಸ್ ದುಡ್ಡು ಬ್ಯಾಂಕ್‌ನಲ್ಲಿದ್ದಿದ್ದರೆ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ ಬರುತ್ತಿತ್ತು ಅಂದುಕೊಳ್ಳಿ. ಮೊದಲನೆಯ ಮನೆಗೆ ತಿಂಗಳಿಗೆ 1.5 ಬಡ್ಡಿ ಕಳೆದುಕೊಂಡಿರಿ, ನಿಜವಾದ ಬಾಡಿಗೆ 31.5. ಎರಡನೆಯದಕ್ಕೆ 32.3. ವ್ಯತ್ಯಾಸ ಒಂದಕ್ಕಿಂತ ಕಡಿಮೆ. ಅಡ್ವಾನ್ಸ್ ಕೊಡಲು 15 ಪರ್ಸೆಂಟ್ ಬಡ್ಡಿಗೆ ಪರ್ಸನಲ್ ಲೋನ್ ತೆಗೆದಿದ್ದರೆ ಮೊದಲನೆಯದು 33.75, ಎರಡನೆಯದು 32.8. ಅಗ್ಗದ ಮನೆ ದುಬಾರಿಯಾಯಿತು. ಮನೆ ಬಿಡುವಾಗ ಪೇಂಟಿಂಗ್, ಕ್ಲೀನಿಂಗ್ ಅಂತ ಹಿಡಿದುಕೊಳ್ಳುವ ದುಡ್ಡನ್ನು ಇನ್ನೂ ಸೇರಿಸಿಲ್ಲ.

ತಿಂಗಳ ಬಜೆಟ್ ಚೆನ್ನಾಗಿ ಹಾಕಿದವರೂ ಎಡವುವುದು ಮೊದಲ ತಿಂಗಳಲ್ಲೇ. ಬಾಡಿಗೆ 30 ಇರುವ ಮನೆಗೆ 3 ತಿಂಗಳ ಅಡ್ವಾನ್ಸ್ 90, ಮೊದಲ ಬಾಡಿಗೆ 30, ಬ್ರೋಕರ್‌ಗೆ 30, ಸಾಮಾನು ಸಾಗಿಸಲು 15, ಹೊಸದಾಗಿ ಕೊಳ್ಳಲು 40, ಮೊದಲ ಸಂಬಳ ಬರುವವರೆಗಿನ ಖರ್ಚು 40. ಒಟ್ಟು 245. ಸುಮಾರು ಎರಡೂವರೆ ತಿಂಗಳ ಸಂಬಳ, ಅದೂ ಒಂದು ಸಂಬಳವೂ ಕೈಗೆ ಬರುವ ಮೊದಲು! ತಿಂಗಳ ಮಧ್ಯದಲ್ಲಿ ಸೇರಿದರೆ ಸಂಬಳ ಮುಂದಿನ ತಿಂಗಳಿಗೆ ಹೋಗುವುದೂ ಉಂಟು. ಸೇರುವ ಮೊದಲೇ ಎಚ್‌ಆರ್ ಹತ್ತಿರ ಈ ಒಂದು ತಾರೀಖು ಕೇಳಿಕೊಳ್ಳಿ. ಈ 245ರಲ್ಲಿ 90 ಮುಂದೆ ವಾಪಸ್ ಬರುವಂಥದ್ದು, ಹಾಗಾಗಿ ಅದನ್ನು ಖರ್ಚಿನ ಸಾಲಿನಲ್ಲಿ ಬರೆಯಬೇಡಿ, ಬೇರೆ ಬರೆಯಿರಿ. ಆದರೆ ಮೊದಲ ದಿನ ಅದೂ ಕೈಯಲ್ಲಿರಬೇಕು.

ಫರ್ನಿಷ್ಡ್ ಮನೆಯೋ, ಖಾಲಿ ಮನೆಯೋ?

ಇದಕ್ಕೆ ಉತ್ತರ ತಿಂಗಳುಗಳಲ್ಲಿ ಸಿಗುತ್ತದೆ. ಫರ್ನಿಷ್ಡ್ ಮನೆಗೆ ಬಾಡಿಗೆ 5 ಜಾಸ್ತಿ ಅನ್ನೋಣ. ಖಾಲಿ ಮನೆಗೆ ಮಂಚ, ಫ್ರಿಜ್, ಒಲೆ, ವಾಷಿಂಗ್ ಮೆಷಿನ್ ಎಲ್ಲ ಸೇರಿ 60, ಬಿಡುವಾಗ ಮಾರಿದರೆ 20 ಬರುತ್ತದೆ, ಸಾಗಾಟಕ್ಕೆ 5. ನಿವ್ವಳ 45. ಅದನ್ನು 5ರಿಂದ ಭಾಗಿಸಿದರೆ 9. ಒಂಬತ್ತು ತಿಂಗಳಿಗಿಂತ ಮೊದಲೇ ಬಿಡುವವರಿಗೆ ಫರ್ನಿಷ್ಡ್, ಅದಕ್ಕಿಂತ ಜಾಸ್ತಿ ಇರುವವರಿಗೆ ಖಾಲಿ ಮನೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಈ 9 ಇನ್ನೂ ಇಳಿಯುತ್ತದೆ. ಜನ ಬಂದು ಹೋಗುತ್ತಲೇ ಇರುವ ದೊಡ್ಡ ನಗರಗಳಲ್ಲಿ ಹಳೇ ಸಾಮಾನು ಸಿಗುವುದು ಕಷ್ಟವಲ್ಲ.

ಓಡಾಟದ ವಿಷಯ ಚಿಕ್ಕದು. ತಿಂಗಳ ಪಾಸ್ ಬೆಲೆಯನ್ನು ಒಂದು ಟಿಕೆಟ್ ಬೆಲೆಯಿಂದ ಭಾಗಿಸಿ. 30 ಬಂತು ಅಂದರೆ 30ಕ್ಕಿಂತ ಜಾಸ್ತಿ ಸಲ ಓಡಾಡಿದರಷ್ಟೇ ಪಾಸ್ ಲಾಭ. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುವವರಿಗೆ ಅದು ಸುಮ್ನೆ ದಂಡ. ಸ್ವಂತ ಕಾರಿಗೆ ಪೆಟ್ರೋಲ್ ಖರ್ಚು ಮಾತ್ರ ಹಿಡಿದು ಬಸ್ಸಿಗಿಂತ ಅಷ್ಟೇನೂ ಜಾಸ್ತಿ ಇಲ್ಲ ಅನ್ನುವವರು ವಿಮೆ, ಸರ್ವಿಸ್, ಪಾರ್ಕಿಂಗ್, ಪ್ರತಿ ವರ್ಷ ಇಳಿಯುವ ಕಾರಿನ ಬೆಲೆ ಇವನ್ನೂ 12ರಿಂದ ಭಾಗಿಸಿ ಸೇರಿಸಬೇಕು. ಒಳ್ಳೆಯ ರೈಲು, ಬಸ್ಸು ಇರುವ ನಗರದಲ್ಲಿ ಮೊದಲ ಆರು ತಿಂಗಳು ಗಾಡಿ ಇಲ್ಲದೆ ಇದ್ದು ನೋಡುವುದೇ ನನ್ನ ಸಲಹೆ.

ಲೆಕ್ಕ ಇಡುವ ಕ್ರಮ ಯಾವುದು?

50, 30, 20ರ ಸೂತ್ರ ತುಂಬಾ ಜನಪ್ರಿಯ: ಅಗತ್ಯಕ್ಕೆ 50, ಆಸೆಗೆ 30, ಉಳಿತಾಯ ಮತ್ತು ಸಾಲಕ್ಕೆ 20. ಆಗ ಅಮೆರಿಕದಲ್ಲಿ ಕಾನೂನು ಪ್ರಾಧ್ಯಾಪಕಿಯಾಗಿದ್ದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೀಲಿಯಾ ವಾರೆನ್ ತ್ಯಾಗಿ 2005ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ನೆನಪಿಡಲು ಸುಲಭ, ದುಬಾರಿ ನಗರಕ್ಕೆ ಮಾತ್ರ ಹೊಂದುವುದು ಕಷ್ಟ. ಮನೆ ಒಂದಕ್ಕೇ 40 ಹೋದರೆ ಅಗತ್ಯವೆಲ್ಲ 50ರಲ್ಲಿ ಹೇಗೆ ಮುಗಿಯುತ್ತದೆ? ಅಲ್ಲಿ 65, 15, 20 ಅಂತ ಇಟ್ಟುಕೊಂಡರೆ ನಡೆಯುತ್ತದೆ. ಕತ್ತರಿ ಬೀಳಬೇಕಾದದ್ದು ಮಧ್ಯದ ಸಾಲಿಗೆ.

ಪ್ರತಿ ಪೈಸೆಗೂ ಮೊದಲೇ ಒಂದು ಕೆಲಸ ಹಚ್ಚುವ ಸೊನ್ನೆ ಬಜೆಟ್ ಸಂಬಳ ಬಿಗಿಯಾಗಿರುವವರಿಗೆ ಒಳ್ಳೆಯದು. ಆದರೆ ಹೊಸ ಊರಿನಲ್ಲಿ ಯಾವುದಕ್ಕೆ ಎಷ್ಟು ಆಗುತ್ತದೆ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಎರಡನೇ ತಿಂಗಳಿಗೇ ಬೇಸರ ಬಂದು ಬಿಡುತ್ತಾರೆ. ಮೊದಲ ಮೂರು ತಿಂಗಳಿಗೆ ಇದಕ್ಕಿಂತ ಸರಳವಾದ ದಾರಿ ಸಾಕು. ಸಂಬಳ ಬಂದ ದಿನವೇ ಬಾಡಿಗೆ, ಬಿಲ್, ಸಾಲ, ಉಳಿತಾಯ ಎಲ್ಲ ಬೇರೆ ಖಾತೆಗೆ ಹೋಗಲಿ. ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ಊರಿಗೆ ಹೋಗಿಬರುವ ಟಿಕೆಟ್, ಮನೆ ಒಪ್ಪಂದದ ನವೀಕರಣ ಇವುಗಳ 12ನೇ ಒಂದು ಭಾಗವೂ ಅಲ್ಲಿಗೇ. ಉಳಿದದ್ದನ್ನು ವಾರಕ್ಕಿಷ್ಟು ಅಂತ ಹಂಚಿ. ನಾಲ್ಕು ಭಾಗ ಮಾಡಿದರೆ ಕೊನೆಯ ಎರಡು ಮೂರು ದಿನ ಖಾಲಿ ಕೈ, ಅದಕ್ಕೇ 4.3ರಿಂದ ಭಾಗಿಸಿ. ತಿಂಗಳ ಮೊತ್ತ ಯಾವಾಗ ಕರಗಿತು ಅಂತ ಗೊತ್ತಾಗುವುದಿಲ್ಲ. ವಾರದ ಮೊತ್ತ ಗುರುವಾರವೇ ಖಾಲಿಯಾದರೆ ತಕ್ಷಣ ಗೊತ್ತಾಗುತ್ತದೆ.

ಲೆಕ್ಕ ಕೂಡಿ ಬರದಿದ್ದರೆ?

ಎಲ್ಲ ಸೇರಿಸಿ ಕಳೆದಾಗ ಉಳಿಕೆ ಸೊನ್ನೆಗಿಂತ ಕೆಳಗೆ ಬರಬಹುದು. ಆಗ ಊಟ, ಸಿನಿಮಾ ಕಡಿಮೆ ಮಾಡುವುದರಿಂದ ಶುರು ಮಾಡಬೇಡಿ, ಅಲ್ಲಿ ಸಿಗುವುದು ಎರಡೋ ಮೂರೋ. ಆಫರ್ ಒಪ್ಪಿಕೊಳ್ಳುವ ಮೊದಲೇ ಕಂಪನಿಯ ಜೊತೆ ಮಾತಾಡಿ. ಸಂಬಳ ಏರಿಸಲು ಒಪ್ಪದವರೂ ಸ್ಥಳಾಂತರದ ಭತ್ಯೆ, ಮೊದಲ ಎರಡು ವಾರದ ವಸತಿ, ಸಂಬಳದ ಮುಂಗಡ ಕೊಡಲು ಒಪ್ಪುವುದುಂಟು. ಅವೆಲ್ಲ ಒಂದೇ ಸಲದ ಖರ್ಚು, ಅವರ ಲೆಕ್ಕಕ್ಕೆ ಹಗುರ. ನಿಮ್ಮ 245ರ ಪಟ್ಟಿ ಬರೆದುಕೊಂಡೇ ಹೋಗಿ ಕೇಳಿ. ಜೋರಾಗಿ ವಾದ ಮಾಡುವುದಕ್ಕಿಂತ ಆ ಪಟ್ಟಿ ತೋರಿಸುವುದು ಜಾಸ್ತಿ ಕೆಲಸ ಮಾಡುತ್ತದೆ. ಭತ್ಯೆ ಕೊಟ್ಟರೆ ಅದಕ್ಕೆ ತೆರಿಗೆ ಬೀಳುತ್ತದಾ, ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕಾ ಅಂತಲೂ ಕೇಳಿಕೊಳ್ಳಿ.

ಎರಡನೇ ವರ್ಷದ ಲೆಕ್ಕವನ್ನೂ ಈಗಲೇ ಒಮ್ಮೆ ಹಾಕಿ ನೋಡಿ. ಬಾಡಿಗೆ 40 ಇದ್ದು ನವೀಕರಣದಲ್ಲಿ 10 ಪರ್ಸೆಂಟ್ ಏರಿದರೆ 4 ಜಾಸ್ತಿ. ಸಂಬಳ 5 ಪರ್ಸೆಂಟ್ ಏರಿದರೆ 5 ಜಾಸ್ತಿ. ಉಳಿದ ಖರ್ಚು ಏರಲು ಮಿಕ್ಕದ್ದು 1. ಬಾಡಿಗೆ ವರ್ಷಕ್ಕೆ ಎಷ್ಟು ಏರಬಹುದು ಎಂಬ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.